ಹಳೇ ಡಾಡ್ಜ್ ರಾಮ್: ಓವರ್‌ಡ್ರೈವ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ

ಹಳೇಟ್ರಕ್_99

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಕೊಲೊರಾಡೊದಲ್ಲಿ, ಫೋರ್ಟ್ ಕಾಲಿನ್ಸ್ ಊರು. ಗಾಡಿ 1999ರ ಡಾಡ್ಜ್ ರಾಮ್ 1500. 5.9 ಲೀಟರ್ ಪೆಟ್ರೋಲ್ ವಿ8, 46ಆರ್‌ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಗೇರ್ ಅನುಪಾತ 3.55. ಓಡಿರುವುದು 1,48,000 ಮೈಲಿ.

ತೊಂದರೆ ಹೀಗಿದೆ. ಹೈವೇಯಲ್ಲಿ ಗಂಟೆಗೆ 60-65 ಮೈಲಿ ವೇಗದಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ಏರುತ್ತದೆ. ಒಂದೆರಡು ಸೆಕೆಂಡಿಗೆ ಮತ್ತೆ ಇಳಿಯುತ್ತದೆ. ಕೆಲವೊಮ್ಮೆ ಹೀಗೇ ಏರುತ್ತಾ ಇಳಿಯುತ್ತಾ ಇರುತ್ತದೆ, ಕೆಲವೊಮ್ಮೆ ಇಡೀ ದಾರಿ ಒಂದು ಸಲವೂ ಆಗುವುದಿಲ್ಲ. ಚೆಕ್ ಎಂಜಿನ್ ದೀಪ ಹತ್ತಿಲ್ಲ. ಇಲ್ಲಿನ ಒಂದು ಗ್ಯಾರೇಜಿಗೆ ತೋರಿಸಿದೆ. ಒಂದು ಸುತ್ತು ಓಡಿಸಿ ನೋಡಿ, "ಓವರ್‌ಡ್ರೈವ್ ಹೋಗಿದೆ, ಗೇರ್‌ಬಾಕ್ಸ್ ಬಿಚ್ಚಬೇಕು" ಅಂದರು. ಮೂರು ಸಾವಿರ ಡಾಲರ್ ಮೇಲೆ ಲೆಕ್ಕ ಕೊಟ್ಟಿದ್ದಾರೆ. ಗಾಡಿಗೇ ಅಷ್ಟು ಬೆಲೆ ಇಲ್ಲ! ಬಿಚ್ಚಿಸುವ ಮುಂಚೆ ಬೇರೆ ಏನಾದರೂ ನೋಡಬೇಕಾ?

ಸುಮ್ನೆ_ಓದುಗ

ಗೊತ್ತಿಲ್ಲದೆ ಕೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ತುಮಕೂರಿನಲ್ಲಿ ನಾನು ನೋಡಿದ ಲಾರಿಗಳಲ್ಲೆಲ್ಲ ಕೈಯಲ್ಲೇ ಗೇರ್ ಹಾಕೋದು. ಓವರ್‌ಡ್ರೈವ್ ಅಂದರೆ ಏನು?

ಮಿಚಿಗನ್_ಮಂಜು

ಮೂರನೇ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಕೂಡ ಒಂದೇ ಸುತ್ತು. ಓವರ್‌ಡ್ರೈವ್‌ನಲ್ಲಿ, ಅಂದರೆ ಈ ಗಾಡಿಯ ನಾಲ್ಕನೇ ಗೇರಿನಲ್ಲಿ, ಎಂಜಿನ್ 0.69 ಸುತ್ತು ತಿರುಗಿದರೆ ಸಾಕು, ಶಾಫ್ಟ್ ಒಂದು ಸುತ್ತು ಹಾಕುತ್ತದೆ. ಹೈವೇಯಲ್ಲಿ ಎಂಜಿನ್ ನಿಧಾನವಾಗಿ ಓಡುತ್ತದೆ, ಪೆಟ್ರೋಲ್ ಉಳಿಯುತ್ತದೆ.

ಈ 46ಆರ್‌ಇ ಒಂದು ವಿಚಿತ್ರ ಪ್ರಾಣಿ. ಇದರ ಮುಂಭಾಗ 1962ರ ಟಾರ್ಕ್‌ಫ್ಲೈಟ್ 727ರ ವಂಶದ್ದು, ಮೂರೇ ಗೇರ್. ನಾಲ್ಕನೆಯದನ್ನು ಆಮೇಲೆ ಹಿಂದುಗಡೆ ಬೇರೆ ಡಬ್ಬವಾಗಿ ಜೋಡಿಸಿದ್ದಾರೆ. ಆ ಡಬ್ಬದೊಳಗೆ ಸುಮಾರು 800 ಪೌಂಡ್ ಬಲದ ಒಂದು ಸ್ಪ್ರಿಂಗ್ ಕೂತಿದೆ. ಅದು ಡೈರೆಕ್ಟ್ ಕ್ಲಚ್ಚನ್ನು ಸದಾ ಒತ್ತಿ ಹಿಡಿದಿರುತ್ತದೆ. ನಾಲ್ಕನೇ ಗೇರ್ ಬೇಕಾದಾಗ ಕಂಪ್ಯೂಟರ್ ಒಂದು ಸೊಲೆನಾಯ್ಡಿಗೆ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ಕರೆಂಟ್ ಕೊಡುತ್ತದೆ, ಎಣ್ಣೆಯ ಒತ್ತಡ ಪಿಸ್ಟನ್ನಿಗೆ ಹೋಗಿ ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳುತ್ತದೆ, ಓವರ್‌ಡ್ರೈವ್ ಕ್ಲಚ್ ಹಿಡಿಯುತ್ತದೆ. ಕರೆಂಟ್ ಹೋದರೆ, ಒತ್ತಡ ಕಡಿಮೆಯಾದರೆ, ಅಥವಾ ಕಂಪ್ಯೂಟರಿಗೇ ಬೇಡ ಅನಿಸಿದರೆ ಗಾಡಿ ಮತ್ತೆ ಮೂರಕ್ಕೆ ಬೀಳುತ್ತದೆ.

ಹಳೇಟ್ರಕ್ ಅವರೇ, ಮೊದಲು ಒಂದು ಪ್ರಶ್ನೆ. ಆರ್‌ಪಿಎಂ ಏರುತ್ತದೆ ಅಂದಿರಿ, *ಎಷ್ಟು* ಏರುತ್ತದೆ? ಎಲ್ಲ ಇದರ ಮೇಲೆಯೇ ನಿಂತಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವುದು ಟಾರ್ಕ್ ಕನ್ವರ್ಟರ್, ಅದರಲ್ಲಿ ಸ್ವಲ್ಪ ಜಾರಿಕೆ ಇರುತ್ತದೆ. ಹೈವೇಯಲ್ಲಿ ಒಳಗಿನ ಕ್ಲಚ್ ಅದನ್ನು ಜಾರದಂತೆ ಬಿಗಿಯಾಗಿ ಹಿಡಿಯುವುದಕ್ಕೆ ಲಾಕಪ್ ಅನ್ನುತ್ತಾರೆ. ನಿಮ್ಮ ಟೈರ್ 30.5 ಇಂಚು ಎತ್ತರ ಅಂದುಕೊಂಡು ಲೆಕ್ಕ ಹಾಕಿದ್ದೇನೆ. ಗಂಟೆಗೆ 65 ಮೈಲಿಯಲ್ಲಿ:

ಓವರ್‌ಡ್ರೈವ್ ಇದ್ದು ಟಾರ್ಕ್ ಕನ್ವರ್ಟರ್ ಲಾಕ್ ಆಗಿದ್ದರೆ ಸುಮಾರು 1750.
ಓವರ್‌ಡ್ರೈವ್ ಇದ್ದು ಲಾಕ್ ಬಿಟ್ಟಿದ್ದರೆ ಸುಮಾರು 2000.
ಓವರ್‌ಡ್ರೈವ್ ಹೋಗಿ ಮೂರನೇ ಗೇರಿಗೆ ಬಂದಿದ್ದರೆ ಸುಮಾರು 2550.

ಅಂದರೆ 200-300 ಏರಿದರೆ ಹೋಗಿದ್ದು ಲಾಕಪ್, ಓವರ್‌ಡ್ರೈವ್ ಅಲ್ಲ. 800ರಷ್ಟು ಏರಿದರೆ ಮಾತ್ರ ಓವರ್‌ಡ್ರೈವ್. ಎರಡಕ್ಕೂ ಸೀಟಿನಲ್ಲಿ ಕೂತವರಿಗೆ ಒಂದೇ ಥರ ಅನಿಸುತ್ತದೆ. ಗ್ಯಾರೇಜಿನವರು ಈ ಸಂಖ್ಯೆ ಬರೆದುಕೊಂಡಿದ್ದಾರಾ? ಬರೆದುಕೊಂಡಿಲ್ಲ ಅಂದರೆ ಅವರ ಲೆಕ್ಕದ ಚೀಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ದಮ್ಮಾಮ್_ಗ್ಯಾರೇಜ್

ಸರಿಯಾಗಿ ಹೇಳಿದ್ರಿ ಮಾರಾಯ್ರೆ. ನಾನು ಉಡುಪಿ ಕಡೆಯವ, ಸೌದಿಯಲ್ಲಿ ಗೇರ್‌ಬಾಕ್ಸ್ ಕೆಲಸವೇ ಮಾಡುವುದು. ಇಲ್ಲಿ ಹಳೇ ಅಮೆರಿಕನ್ ಪಿಕಪ್ ಬೇಕಾದಷ್ಟಿದೆ. ಮುಕ್ಕಾಲು ಪಾಲು ಗಿರಾಕಿಗಳು "ನಾಲ್ಕನೇ ಗೇರ್ ಇಲ್ಲ" ಅಂತಲೇ ಬರುತ್ತಾರೆ. ಓಡಿಸಿ ನೋಡಿದರೆ ಲಾಕಪ್ ಬಿಡುತ್ತಿರುತ್ತದೆ ಅಷ್ಟೆ.

ಸುಲಭದ ಪರೀಕ್ಷೆ ಇದೆ. ಖಾಲಿ, ನೇರ ರಸ್ತೆಯಲ್ಲಿ 65ರಲ್ಲಿ ಹೋಗುವಾಗ ಎಕ್ಸಲರೇಟರ್ ಬಿಡದೆ ಎಡಗಾಲಿನಲ್ಲಿ ಬ್ರೇಕ್ ಪೆಡಲನ್ನು ಸ್ವಲ್ಪ ಮುಟ್ಟಿ. ಬ್ರೇಕ್ ಹಿಡಿಯಬಾರದು, ಹಿಂದಿನ ದೀಪ ಹತ್ತುವಷ್ಟು ಸಾಕು. ಲಾಕಪ್ ಬಿಟ್ಟುಬಿಡುತ್ತದೆ. ಆರ್‌ಪಿಎಂ ಮೀಟರಿನ ಮುಳ್ಳು ಎಷ್ಟು ಏರಿತು ನೋಡಿ. ಆಮೇಲೆ ಪೆಡಲ್ ಬಿಟ್ಟು, ಓವರ್‌ಡ್ರೈವ್ ಆಫ್ ಬಟನ್ ಒತ್ತಿ. ಈಗ ಮೂರನೇ ಗೇರ್. ಮತ್ತೆ ಮುಳ್ಳು ನೋಡಿ. ನಿಮ್ಮ ತೊಂದರೆ ಬಂದಾಗ ಇವೆರಡರಲ್ಲಿ ಯಾವುದರ ಹಾಗೆ ಇದೆ ಅಂತ ನೀವೇ ಹೇಳಬಹುದು. ನೀವು ಮುಳ್ಳು ನೋಡುತ್ತಾ ರಸ್ತೆ ಮರೆಯಬೇಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ.

ಇನ್ನೊಂದು. ಗೇರ್‌ಬಾಕ್ಸ್ ಎಣ್ಣೆ ನೋಡಿದ್ರಾ? ಈ ಡಾಡ್ಜ್‌ನಲ್ಲಿ ಎಂಜಿನ್ ಓಡುತ್ತಿರುವಾಗ, ಬಿಸಿಯಾದ ಮೇಲೆ, *ನ್ಯೂಟ್ರಲ್‌ನಲ್ಲಿ* ಡಿಪ್‌ಸ್ಟಿಕ್ ನೋಡಬೇಕು. ಪಾರ್ಕ್‌ನಲ್ಲಿ ಹಾಕಿದರೆ ಕನ್ವರ್ಟರಿಗೆ ಎಣ್ಣೆ ಹೋಗುವುದಿಲ್ಲ, ಲೆವೆಲ್ ತಪ್ಪು ತೋರಿಸುತ್ತದೆ. ಫೋರ್ಡ್‌ನಲ್ಲಿ ಪಾರ್ಕ್, ಡಾಡ್ಜ್‌ನಲ್ಲಿ ನ್ಯೂಟ್ರಲ್. ಇದನ್ನು ಅದಲುಬದಲು ಮಾಡಿ ಎಣ್ಣೆ ಕಡಿಮೆ ಇಟ್ಟುಕೊಂಡೇ ಓಡಿಸುವವರು ಬಹಳ. ಹಾಕುವುದು ಎಟಿಎಫ್+4 ಮಾತ್ರ. ಸಿಕ್ಕಿದ ಡೆಕ್ಸ್‌ರಾನ್ ಸುರಿಯಬೇಡಿ.

ಎಫ್150_ಅಣ್ಣ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 1995ರ ಫೋರ್ಡ್ ಎಫ್150, ಇ4ಒಡಿ ಗೇರ್‌ಬಾಕ್ಸ್, ನಾರ್ತ್ ಕ್ಯಾರೊಲೈನಾದಲ್ಲಿ. ನನಗೂ ಓವರ್‌ಡ್ರೈವ್ ಬಂದು ಹೋಗುತ್ತದೆ. ಆದರೆ ನನ್ನ ಗಾಡಿಯಲ್ಲಿ ಬಟನ್ ಮುಟ್ಟದೇನೇ ಓವರ್‌ಡ್ರೈವ್ ಆಫ್ ದೀಪ ತಾನೇ ಹತ್ತುತ್ತದೆ. ಇದೂ ಲಾಕಪ್ಪಾ?

ಹುಬ್ಬಳ್ಳಿ_ವೈರ್‌ಮನ್

ಅಲ್ರೀ ಅಣ್ಣಾ, ನಿಮ್ಮದು ಬೇರೆ ಕಥೆ. ದೀಪ ಹೇಗೆ ಹತ್ತುತ್ತದೆ ಹೇಳಿ, ಸ್ಥಿರವಾಗಿಯೋ, ಮಿಣಮಿಣ ಅಂತಲೋ?

ಫೋರ್ಡ್‌ನಲ್ಲಿ ಅದು ಮಿನುಗುತ್ತಿದ್ದರೆ ಕಂಪ್ಯೂಟರ್ ಗೇರ್‌ಬಾಕ್ಸಿನಲ್ಲಿ ತಪ್ಪು ಕಂಡಿದೆ, ಕೋಡ್ ಉಳಿಸಿದೆ ಅಂತ ಅರ್ಥ. ಮೊದಲು ಕೋಡ್ ಓದಿಸಬೇಕು. ಸ್ಥಿರವಾಗಿ ಹತ್ತಿದರೆ ಯಾರೋ ಬಟನ್ ಒತ್ತಿದ್ದಾರೆ ಅಂತ ಕಂಪ್ಯೂಟರ್ ನಂಬಿದೆ. ನೀವು ಒತ್ತಿಲ್ಲ ಅಂದರೆ ಒತ್ತಿದ್ದು ವೈರು! ಬಟನ್ ಇರುವುದು ಗೇರ್ ಲಿವರಿನ ತುದಿಯಲ್ಲಿ ಅಲ್ವಾ? ಅದರ ವೈರು ಲಿವರಿನ ಒಳಗಿಂದ ಸ್ಟಿಯರಿಂಗ್ ಕಾಲಮ್ಮಿಗೆ ಇಳಿಯುತ್ತದೆ. ಪ್ರತಿ ಸಲ ಗೇರ್ ಎಳೆದಾಗಲೂ ಆ ವೈರು ಬುಡದಲ್ಲಿ ಮಡಚುತ್ತದೆ. ಇಷ್ಟು ವರ್ಷ ಮಡಚಿ ಮಡಚಿ ಮೇಲಿನ ಪ್ಲಾಸ್ಟಿಕ್ ಹರಿದಿರುತ್ತದೆ, ತಾಮ್ರ ಲೋಹಕ್ಕೆ ತಾಗುತ್ತದೆ. ಗಾಡಿ ನಿಲ್ಲಿಸಿ, ಕೀ ಆನ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಲಿವರನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ದೀಪ ಹತ್ತಿ ಆರಿದರೆ ಕಳ್ಳ ಸಿಕ್ಕಿದ ಹಾಗೆ.

ಎಫ್150_ಅಣ್ಣ

ಅಲ್ಲಾಡಿಸಿದೆ. ಲಿವರ್ ಕೆಳಗಿಳಿಸಿ ಸ್ವಲ್ಪ ಮುಂದಕ್ಕೆ ಎಳೆದರೆ ದೀಪ ಹತ್ತುತ್ತದೆ! ಹಿಂದಕ್ಕೆ ತಳ್ಳಿ ಬಟನ್ ಒತ್ತಿದರೆ ಆರುತ್ತದೆ. ನಾನು ಸೊಲೆನಾಯ್ಡ್ ಪ್ಯಾಕ್ ಆರ್ಡರ್ ಮಾಡುವುದರಲ್ಲಿದ್ದೆ. ಲಿವರಿನ ವೈರು ಬದಲಿಸುತ್ತೇನೆ. ಹುಬ್ಬಳ್ಳಿಗೆ ಬಂದರೆ ಮಿರ್ಚಿ ಗಿರ್ಮಿಟ್ ನನ್ನ ಖರ್ಚು.

ಹುಬ್ಬಳ್ಳಿ_ವೈರ್‌ಮನ್

ಬರ್ರಿ ಬರ್ರಿ. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿ ಕೇಬಲ್ ತೆಗೆಯಿರಿ. ಟೇಪ್ ಸುತ್ತಿ ಬಿಡಬೇಡಿ, ಮತ್ತೆ ಹರಿಯುತ್ತದೆ.

ಹಳೇಟ್ರಕ್_99

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಐ-25ರಲ್ಲಿ ಡೆನ್ವರ್ ಕಡೆ ಓಡಿಸಿದೆ, ತಮ್ಮ ಪಕ್ಕದಲ್ಲಿ ಕೂತು ಬರೆದುಕೊಂಡ.

65ರಲ್ಲಿ ಎಲ್ಲ ಸರಿ ಇದ್ದಾಗ ಮುಳ್ಳು 1750-1800. ಬ್ರೇಕ್ ಪೆಡಲ್ ಮುಟ್ಟಿದಾಗ 2050. ಬಟನ್ ಒತ್ತಿದಾಗ 2550ರ ಹತ್ತಿರ. ತೊಂದರೆ ಬಂದಾಗ ಬಹುತೇಕ 2000-2050. ಅಂದರೆ ಲಾಕಪ್. ಒಂದೇ ಒಂದು ಸಲ 2500 ದಾಟಿತು, ಅದು ಲಾಕಪ್ ಹತ್ತಾರು ಸಲ ಬಿಟ್ಟು ಹಿಡಿದ ಮೇಲೆ.

ಓವರ್‌ಡ್ರೈವ್ ಆಫ್ ದೀಪ ತಾನಾಗಿ ಹತ್ತಲೇ ಇಲ್ಲ. ಎಣ್ಣೆ ನ್ಯೂಟ್ರಲ್‌ನಲ್ಲಿ ನೋಡಿದೆ, ಸರಿಯಿದೆ, ಕೆಂಪಗೇ ಇದೆ, ಸುಟ್ಟ ವಾಸನೆ ಇಲ್ಲ. ಬ್ಲೂಟೂತ್ ಸ್ಕ್ಯಾನರ್ ಹಾಕಿದೆ, ಕೋಡ್ ಇಲ್ಲ.

ದಮ್ಮಾಮ್_ಗ್ಯಾರೇಜ್

ಗೇರ್‌ಬಾಕ್ಸ್ ಬಿಚ್ಚಬೇಡಿ. ಕ್ಲಚ್ ಪ್ಲೇಟ್ ಸುಟ್ಟ ಗೇರ್‌ಬಾಕ್ಸಿನ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ನಾರುತ್ತದೆ. ಜಾರುವ ಕ್ಲಚ್ ಒಂದೆರಡು ಸೆಕೆಂಡಿನಲ್ಲಿ ಚೊಕ್ಕವಾಗಿ ಬಿಟ್ಟು ಚೊಕ್ಕವಾಗಿ ಹಿಡಿಯುವುದೂ ಇಲ್ಲ. ಇಲ್ಲಿ ಬರುವ 4ಎಲ್60ಇ ಗಾಡಿಗಳ ಹಾಗೆ ಆಗಿದ್ದರೆ ನಾನೇ ಬಿಚ್ಚಿ ಅನ್ನುತ್ತಿದ್ದೆ. ಆ ಜಿಎಂ ಗೇರ್‌ಬಾಕ್ಸಿನಲ್ಲಿ 3 ಮತ್ತು 4 ಎರಡಕ್ಕೂ ಒಂದೇ ಕ್ಲಚ್ ಪ್ಯಾಕ್, ಸುಟ್ಟರೆ ಎರಡೂ ಗೇರ್ ಒಟ್ಟಿಗೆ ಹೋಗುತ್ತವೆ. ಅದಕ್ಕೆ ವೈರು ಹಿಡಿದು ಕೂತರೆ ಪ್ರಯೋಜನ ಇಲ್ಲ.

ನಿಮ್ಮದರಲ್ಲಿ ಯಾರೋ ಲಾಕ್ ಬಿಡು, ಹಿಡಿ ಅಂತ ಹೇಳುತ್ತಿದ್ದಾರೆ. ಅದು ಯಾರು ಅಂತ ಹುಡುಕಬೇಕು.

ಮಿಚಿಗನ್_ಮಂಜು

ಹೌದು. ಲಾಕಪ್ ಸೊಲೆನಾಯ್ಡ್ ಅಥವಾ ಓವರ್‌ಡ್ರೈವ್ ಸೊಲೆನಾಯ್ಡ್‌ನ ವೈರು ಕಡಿದರೆ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಪಿ0743 ಅಥವಾ ಪಿ0753 ಬರುತ್ತದೆ. ಲಾಕ್ ಮಾಡು ಅಂದಮೇಲೂ ಆರ್‌ಪಿಎಂ ಇಳಿಯದಿದ್ದರೆ ಪಿ0740. ನಾಲ್ಕಕ್ಕೆ ಹೋಗು ಅಂದಮೇಲೂ ಇಳಿಯದಿದ್ದರೆ ಪಿ0783. ಗೇರ್‌ಬಾಕ್ಸಿಗೆ 12 ವೋಲ್ಟ್ ಕೊಡುವ ರಿಲೇ ಕೆಟ್ಟರೆ ಪಿ1765. ನಿಮ್ಮಲ್ಲಿ ಒಂದೂ ಇಲ್ಲ. ಕೋಡ್ ಇಲ್ಲದಿರುವುದೂ ಒಂದು ಸುಳಿವೇ. ಕಂಪ್ಯೂಟರ್ ತಾನು ಹೇಳಿದಂತೆ ಎಲ್ಲ ನಡೆಯುತ್ತಿದೆ ಅಂದುಕೊಂಡಿದೆ. ಅಂದರೆ ಬಿಡು ಅಂತ ಹೇಳುತ್ತಿರುವುದು ಅದೇ.

ಯಾಕೆ ಹೇಳುತ್ತದೆ? ಮುಖ್ಯವಾಗಿ ಎರಡು ಕಾರಣ. ನೀವು ಬ್ರೇಕ್ ಒತ್ತಿದ್ದೀರಿ ಅಂತ ಅದಕ್ಕೆ ಕಂಡರೆ, ಅಥವಾ ಎಕ್ಸಲರೇಟರ್ ಒತ್ತಿ ಬಿಟ್ಟು ಮಾಡುತ್ತಿದ್ದೀರಿ ಅಂತ ಕಂಡರೆ. ಬ್ರೇಕಿನದು ನೋಡುವುದು ಸುಲಭ. ಕ್ರೂಸ್ ಕಂಟ್ರೋಲ್ ಹಾಕಿ ಓಡಿಸಿ. ಲಾಕಪ್ ಬಿಟ್ಟ ಕ್ಷಣದಲ್ಲೇ ಕ್ರೂಸ್ ಕೂಡ ಕಡಿದರೆ ಬ್ರೇಕ್ ಸ್ವಿಚ್. ಕ್ರೂಸ್ ನಿಂತಲ್ಲೇ ನಿಂತರೆ ಥ್ರಾಟಲ್ ಪೊಸಿಷನ್ ಸೆನ್ಸರ್ (ಎಕ್ಸಲರೇಟರ್ ಎಷ್ಟು ಒತ್ತಿದ್ದೀರಿ ಅಂತ ಕಂಪ್ಯೂಟರಿಗೆ ಹೇಳುವುದು) ಕಡೆ ಬನ್ನಿ.

ಆ ಸೆನ್ಸರ್ 5 ವೋಲ್ಟಿನ ಮೇಲೆ ಕೆಲಸ ಮಾಡುತ್ತದೆ. ಐಡಲ್‌ನಲ್ಲಿ ಒಂದು ವೋಲ್ಟಿಗಿಂತ ಸ್ವಲ್ಪ ಕಡಿಮೆ, ಪೆಡಲ್ ಒತ್ತುತ್ತಾ ಹೋದಂತೆ ಮೆಲ್ಲಗೆ ಏರಬೇಕು, ಎಲ್ಲೂ ಜಿಗಿಯಬಾರದು. ಒಳಗಿನ ಪಟ್ಟಿ ಸವೆಯುವುದು ಕಾಲು ಜಾಸ್ತಿ ಹೊತ್ತು ನಿಲ್ಲುವ ಕಡೆ. ಅಂದರೆ ಹೈವೇ ವೇಗ ಹಿಡಿದಿಡುವ ಜಾಗದಲ್ಲೇ. ಊರೊಳಗೆ ಸರಿ, ಹೈವೇಯಲ್ಲಿ ತೊಂದರೆ ಅನ್ನುವುದಕ್ಕೆ ಇದೊಂದು ಕಾರಣ.

ಹುಬ್ಬಳ್ಳಿ_ವೈರ್‌ಮನ್

ಸೆನ್ಸರ್ ನೋಡಲು ಮುಳ್ಳಿನ ಮೀಟರ್ ಇದ್ದರೆ ಒಳ್ಳೇದು. ಡಿಜಿಟಲ್ ಮೀಟರ್ ಸಂಖ್ಯೆ ಬದಲಿಸುವಷ್ಟರಲ್ಲಿ ಜಿಗಿತ ಬಂದು ಹೋಗಿರುತ್ತದೆ. ಮುಳ್ಳು ಸುಳ್ಳು ಹೇಳುವುದಿಲ್ಲ, ಅಲ್ಲೇ ನಡುಗುತ್ತದೆ.

ಆದರೆ ಸೆನ್ಸರ್ ತೆಗೆದು ಹೊಸದು ಹಾಕುವ ಮುಂಚೆ ಒಂದು ಮಾತು ಹೇಳಿ. ಈ ತೊಂದರೆ ರಾತ್ರಿ ಜಾಸ್ತಿಯೋ, ಹಗಲು ಜಾಸ್ತಿಯೋ?

ಹಳೇಟ್ರಕ್_99

ಇದೆಂಥ ಪ್ರಶ್ನೆ ಅನ್ನಿಸಿತು, ಆದರೆ ಯೋಚಿಸಿದರೆ ಹೌದು. ಕೆಲಸ ಮುಗಿಸಿ ಕತ್ತಲಲ್ಲಿ ಬರುವಾಗ ಜಾಸ್ತಿ. ಹೀಟರ್ ಫ್ಯಾನ್ ಜೋರಾಗಿಟ್ಟಾಗಲೂ ಜಾಸ್ತಿ ಅನ್ನಿಸುತ್ತದೆ. ಕ್ರೂಸ್ ಹಾಕಿ ನೋಡಿದೆ, ಲಾಕಪ್ ಬಿಟ್ಟರೂ ಕ್ರೂಸ್ ಕಡಿಯಲಿಲ್ಲ.

ಹುಬ್ಬಳ್ಳಿ_ವೈರ್‌ಮನ್

ಹಾಗಾದರೆ ಡೈನಮೋ ನೋಡ್ರೀ. ಆಲ್ಟರ್ನೇಟರ್ ಅನ್ನಿ, ನಮ್ಮ ಕಡೆ ಡೈನಮೋ ಅಂದರೆ ಅದೇ.

ಅದರೊಳಗೆ ಹುಟ್ಟುವುದು ಎಸಿ ಕರೆಂಟ್. ಡಯೋಡ್‌ಗಳು ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತವೆ. ಒಂದು ಡಯೋಡ್ ಸೋರಿದರೂ ಚಾರ್ಜಿಂಗ್ ನಡೆಯುತ್ತಲೇ ಇರುತ್ತದೆ, 14 ವೋಲ್ಟ್ ತೋರಿಸುತ್ತಲೇ ಇರುತ್ತದೆ, ಬ್ಯಾಟರಿ ದೀಪವೂ ಹತ್ತುವುದಿಲ್ಲ. ಆದರೆ ಆ ಡಿಸಿ ಮೇಲೆ ಎಸಿಯ ಅಲೆ ಕೂತಿರುತ್ತದೆ. ಅದು ಅರ್ತಿಂಗ್ ದಾರಿಯಲ್ಲಿ ಸೆನ್ಸರಿನ ಸಣ್ಣ ವೋಲ್ಟೇಜಿಗೂ ಸೇರುತ್ತದೆ. ಕಂಪ್ಯೂಟರಿಗೆ ಡ್ರೈವರ್ ಕಾಲು ನಡುಗುತ್ತಿದೆ ಅಂತ ಕಾಣುತ್ತದೆ, ಲಾಕ್ ಬಿಡುತ್ತದೆ, ಹಿಡಿಯುತ್ತದೆ. ಹೆಡ್‌ಲೈಟ್, ಫ್ಯಾನ್ ಹಾಕಿದಾಗ ಡೈನಮೋ ಮೇಲೆ ಭಾರ ಜಾಸ್ತಿ, ಅಲೆಯೂ ಜಾಸ್ತಿ. ಅದಕ್ಕೇ ರಾತ್ರಿ ಕೇಳಿದ್ದು.

ಮೀಟರನ್ನು ಎಸಿ ವೋಲ್ಟಿಗೆ ಇಡಿ. ಎಂಜಿನ್ 1500-2000 ಆರ್‌ಪಿಎಂ ಇರಲಿ, ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿ. ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. 0.1 ವೋಲ್ಟಿನ ಒಳಗಿದ್ದರೆ ಬಿಡಿ. ಮೇಲಿದ್ದರೆ ಡಯೋಡ್ ಮೇಲೆ ಅನುಮಾನ. ಸಸ್ತಾ ಮೀಟರ್ ಕೆಲವು ಡಿಸಿಯನ್ನೇ ಎಸಿ ಅಂತ ಓದಿ 28 ವೋಲ್ಟ್ ತೋರಿಸುತ್ತವೆ. ವೈರು ಅದಲುಬದಲು ಮಾಡಿದರೆ ಸೊನ್ನೆ ಬರುತ್ತದೆ. ಹಾಗೆ ಬಂದರೆ ಮೀಟರ್ ಬದಲಿಸಿ, ಡೈನಮೋ ಅಲ್ಲ.

ಮಿಚಿಗನ್_ಮಂಜು

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಇದೇ ಕಾಲದ ಡಾಡ್ಜ್ ಡೀಸೆಲ್ ಗಾಡಿಗಳ ಮಾಲೀಕರ ನಡುವೆ ಇದು ಬಹಳ ಚರ್ಚೆಯಾದ ವಿಷಯ. ಕೆಲವರು ವೈರಿಂಗ್ ಗೊಂಚಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತುತ್ತಾರೆ, ಕೆಲವರು ಅರ್ತಿಂಗ್ ಕೇಬಲ್ ದಾರಿ ಬದಲಿಸುತ್ತಾರೆ. ಹಾಳೆ ಸುತ್ತುವುದು ನನಗೆ ಹಿಡಿಸುವುದಿಲ್ಲ. ಗಲಾಟೆ ಹುಟ್ಟುವ ಕಡೆ ಬಿಟ್ಟು ಕೇಳುವ ಕಡೆ ಕಿವಿ ಮುಚ್ಚಿದ ಹಾಗೆ.

ಅಳತೆ ಅನುಮಾನ ಹುಟ್ಟಿಸಿದರೆ ಖಚಿತ ಮಾಡಿಕೊಳ್ಳಲು ದಾರಿ ಇದೆ. ಎಂಜಿನ್ ನಿಲ್ಲಿಸಿ ಆಲ್ಟರ್ನೇಟರ್ ಹಿಂದಿನ ಸಣ್ಣ ಎರಡು ವೈರಿನ ಫೀಲ್ಡ್ ಕನೆಕ್ಷನ್ ತೆಗೆಯಿರಿ. ದಪ್ಪ ವೈರಿಗೆ ಕೈ ಹಾಕಬೇಡಿ. ಈಗ ಆಲ್ಟರ್ನೇಟರ್ ಕರೆಂಟ್ ಮಾಡುವುದಿಲ್ಲ, ಗಾಡಿ ಬರೀ ಬ್ಯಾಟರಿಯ ಮೇಲೆ ಓಡುತ್ತದೆ. ಹಗಲು ಹೊತ್ತಿನಲ್ಲಿ, ಫ್ಯಾನ್ ದೀಪ ಎಲ್ಲ ಆರಿಸಿ, ಮನೆಗೆ ಹತ್ತಿರದ ಹೈವೇಯಲ್ಲಿ ಸ್ವಲ್ಪ ಓಡಿಸಿ. ಲಾಕಪ್ ಕುಣಿತ ಪೂರ್ತಿ ನಿಂತರೆ ಕಾರಣ ಅಲ್ಲೇ ಇದೆ. ಈ ಗಾಡಿಯಲ್ಲಿ ವೋಲ್ಟೇಜ್ ರೆಗ್ಯುಲೇಟರ್ ಎಂಜಿನ್ ಕಂಪ್ಯೂಟರಿನ ಒಳಗೇ ಇದೆ. ಹಾಗಾಗಿ ಪರೀಕ್ಷೆ ವೇಳೆ ಚಾರ್ಜಿಂಗ್ ಕೋಡ್ ಬಂದರೆ ಗಾಬರಿ ಬೇಡ.

ಸುಮ್ನೆ_ಓದುಗ

ಗೇರ್ ತೊಂದರೆ ಅಂತ ಶುರುವಾಗಿ ಡೈನಮೋಗೆ ಬಂತಲ್ಲ ಗುರು!

ಹಳೇಟ್ರಕ್_99

ಅಳೆದೆ. ದೀಪ, ಫ್ಯಾನ್ ಇಲ್ಲದೆ 0.15. ಎಲ್ಲ ಹಾಕಿದರೆ 0.4 ದಾಟುತ್ತದೆ. ಮೀಟರ್ ವೈರು ಅದಲುಬದಲು ಮಾಡಿದರೂ ಅಷ್ಟೇ. ಡಿಸಿ 14.1, ಬ್ಯಾಟರಿ ದೀಪ ಇಲ್ಲ.

ಫೀಲ್ಡ್ ವೈರು ತೆಗೆದು ಓಡಿಸಿದೆ. ಮುಳ್ಳು 1750ರಲ್ಲಿ ಅಂಟಿಕೊಂಡಂತೆ ನಿಂತಿತು! ವೈರು ಮತ್ತೆ ಹಾಕಿ ಹೆಡ್‌ಲೈಟ್ ಹಾಕಿದ ತಕ್ಷಣ ಕುಣಿತ ಶುರು. ಇಲ್ಲಿ ಆಲ್ಟರ್ನೇಟರ್ ರಿಪೇರಿ ಮಾಡುವವರು ಒಬ್ಬರು ಸಿಕ್ಕರು, ಡಯೋಡ್ ಪ್ಲೇಟ್ ಬದಲಿಸಿ ಕೊಟ್ಟರು. ಬಿಚ್ಚಿದಾಗ ಒಂದು ಡಯೋಡ್ ಎರಡೂ ಕಡೆ ಕರೆಂಟ್ ಬಿಡುತ್ತಿತ್ತಂತೆ. ಈಗ ಎಲ್ಲ ಹಾಕಿದರೂ 0.03. ರಾತ್ರಿ ಓಡಿಸಿದೆ, ಲಾಕಪ್ ಬಿಡಲಿಲ್ಲ.

ಒಂದು ಅನುಮಾನ ಉಳಿದಿದೆ. ಬೆಳಿಗ್ಗೆ ಚಳಿಯಲ್ಲಿ ಹೊರಟಾಗ ಮೊದಲ ಕೆಲವು ಮೈಲಿ ನಾಲ್ಕನೇ ಗೇರ್ ಬರುವುದೇ ಇಲ್ಲ. ಮುಳ್ಳು 2500 ಮೇಲೆಯೇ ಇರುತ್ತದೆ. ಆಮೇಲೆ ತಾನಾಗಿ ಬರುತ್ತದೆ. ಇದೂ ಡೈನಮೋನಾ?

ಮಿಚಿಗನ್_ಮಂಜು

ಇಲ್ಲ, ಅದು ಕಾಯಿಲೆಯೇ ಅಲ್ಲ. ಗೇರ್‌ಬಾಕ್ಸ್ ಎಣ್ಣೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಕಂಪ್ಯೂಟರ್ ಬೇಕೆಂದೇ ಓವರ್‌ಡ್ರೈವ್ ಕೊಡುವುದಿಲ್ಲ. ಎಣ್ಣೆ ತೀರಾ ಬಿಸಿಯಾದರೂ ಕಿತ್ತುಕೊಳ್ಳುತ್ತದೆ. ಆ ತಾಪಮಾನ ಅಳೆಯುವುದು ಗೇರ್‌ಬಾಕ್ಸ್ ಒಳಗಿನ ಗವರ್ನರ್ ಪ್ರೆಶರ್ ಸೆನ್ಸರಿನಲ್ಲೇ ಇದೆ. ಹೊರಗೆ 25 ಡಿಗ್ರಿ ಇದ್ದಾಗಲೂ ಹೀಗೆ ತಡವಾದರೆ ಆಗ ಆ ಸೆನ್ಸರ್ ನೋಡೋಣ. ಇಲ್ಲಿ ಮಿಚಿಗನ್ ಜನವರಿಯಲ್ಲಿ ಇಂಥ ಗಾಡಿ ಓವರ್‌ಡ್ರೈವ್ ತೆಗೆದುಕೊಳ್ಳುವಷ್ಟರಲ್ಲಿ ನಾನು ಆಫೀಸ್ ತಲುಪಿರುತ್ತಿದ್ದೆ.

ದಮ್ಮಾಮ್_ಗ್ಯಾರೇಜ್

ಲಾಕಪ್ ಇಷ್ಟು ದಿನ ಬಿಟ್ಟು ಹಿಡಿದು ಮಾಡಿದೆ ಅಲ್ವಾ, ಎಣ್ಣೆ ಬಿಸಿಯಾಗಿರುತ್ತದೆ. ಒಮ್ಮೆ ಗೇರ್‌ಬಾಕ್ಸ್ ತಳದ ಪ್ಯಾನ್ ಇಳಿಸಿ ಎಣ್ಣೆ, ಫಿಲ್ಟರ್ ಬದಲಿಸಿ. ಪ್ಯಾನಿನ ತಳದಲ್ಲಿ ಬೂದು ಬಣ್ಣದ ನುಣ್ಣನೆ ಕೆಸರು ಸ್ವಲ್ಪ ಇದ್ದರೆ ಚಿಂತೆ ಇಲ್ಲ, ಲೋಹದ ಚೂರು ಇದ್ದರೆ ಫೋಟೊ ಹಾಕಿ. ಕೂಲರಿಗೆ ಹೋಗುವ ಪೈಪಿನಲ್ಲಿ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ಒಂದು ಸಣ್ಣ ವಾಲ್ವ್ ಇರುತ್ತದೆ ನಿಮ್ಮ ವರ್ಷದ ಗಾಡಿಯಲ್ಲಿ. ಅದು ಕಟ್ಟಿಕೊಂಡರೆ ಕೂಲರಿಗೆ ಎಣ್ಣೆ ಹೋಗುವುದು ಕಡಿಮೆಯಾಗಿ ಗೇರ್‌ಬಾಕ್ಸ್ ಬೇಯುತ್ತದೆ. ಅದನ್ನೂ ನೋಡಿಸಿ. ಟ್ರೇಲರ್ ಎಳೆಯುತ್ತೀರಾ?

ಹಳೇಟ್ರಕ್_99

ಬೇಸಿಗೆಯಲ್ಲಿ ಎಳೆಯುತ್ತೇನೆ, ಕ್ಯಾಂಪಿಂಗ್ ಟ್ರೇಲರ್. ಐ-70ರಲ್ಲಿ ಬೆಟ್ಟ ಹತ್ತಬೇಕು.

ದಮ್ಮಾಮ್_ಗ್ಯಾರೇಜ್

ಹಾಗಾದರೆ ಬೆಟ್ಟ ಹತ್ತುವಾಗ ಓವರ್‌ಡ್ರೈವ್ ಬಟನ್ ನೀವೇ ಆಫ್ ಮಾಡಿಬಿಡಿ. ಮೂರು-ನಾಲ್ಕರ ನಡುವೆ ಓಲಾಡುವಾಗಲೇ ಹಿಂದಿನ ಡಬ್ಬದ ಕ್ಲಚ್ ಸುಡುವುದು. ಪ್ಯಾನ್ ಇಳಿಸಿದ ಮೇಲೆ ಫೋಟೊ ಮರೆಯಬೇಡಿ.